ಮುಚ್ಚಳ ಇದ್ದರೆ ಕೂರುತ್ತೇನೆ

ನಮ್ಮ ಮನೆ ಓನರ್ ಕಲಾವತಿಯವರು ಬಾಡಿಗೆಗೆ ಬರುವವರಿಗೆ ಹಾಕುವ ಮೊದಲ ಷರತ್ತು ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು. ಕ್ಯಾಲೆಂಡರಿಗೂ ಇಲ್ಲ, ದೇವರ ಪಟಕ್ಕೂ ಇಲ್ಲ. ಅಲ್ಲಾಳಸಂದ್ರದ ಈ ಮನೆಯ ಮಹಡಿಗೆ ನಾನು ಬಂದು ಎಷ್ಟೋ ವರ್ಷವಾಯಿತು, ಇವತ್ತಿಗೂ ನನ್ನ ಕ್ಯಾಲೆಂಡರ್ ಕಿಟಕಿಯ ಸರಳಿಗೆ ನೇತಾಡುತ್ತಿದೆ. ಕೆಳಗಿನ ಶೆಡ್ಡಿನಲ್ಲಿ ಅದೇ ಕಲಾವತಿಯವರು ಬೆಳಗಿನಿಂದ ಸಂಜೆಯವರೆಗೆ ಅಲ್ಯೂಮಿನಿಯಂ ತಗಡಿಗೆ ತೂತು ಕೊರೆಯುತ್ತಾ ವಿಮಾನ ಕಟ್ಟುತ್ತಿರುತ್ತಾರೆ. ನನ್ನ ಒಂದು ಮೊಳೆಗೆ ಇಲ್ಲದ ಜಾಗ ಅವರ ಸಾವಿರಾರು ರಿವೆಟ್ಟುಗಳಿಗೆ ಇದೆ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. "ವಿಮಾನದ್ದು ಬೇರೆ, ಗೋಡೆದು ಬೇರೆ ಪದ್ಮಶ್ರೀ," ಎಂದು ಮತ್ತೆ ಡ್ರಿಲ್ಲು ಒತ್ತಿದರು.

ವಿಮಾನ ಎಂದರೆ ಆಟಿಕೆಯಲ್ಲ. ಇಬ್ಬರು ಪಕ್ಕಪಕ್ಕ ಕೂತು ಹಾರುವ, ಮೂತಿಗೆ ಒಂದೇ ಪ್ರೊಪೆಲ್ಲರ್ ಇರುವ, ರೆಕ್ಕೆ ಬಿಚ್ಚಿಟ್ಟರೆ ಶೆಡ್ಡಿನಲ್ಲಿ ಹಿಡಿಸುವ ನಿಜವಾದ ವಿಮಾನ. ಅದರ ಪರವಾನಗಿಯ ಕಾಗದಪತ್ರಗಳ ಕಥೆ ಬೇರೆಯೇ ಇದೆ, ಅದನ್ನು ಹೇಳಲು ಕೂತರೆ ನನಗೂ ತಲೆನೋವು, ಓದುವವರಿಗೂ ತಲೆನೋವು. ನಾನು ಹೇಳಹೊರಟಿರುವುದು ಆ ವಿಮಾನದ ಮುಚ್ಚಳದ ವಿಷಯ.

ಕಲಾವತಿಯವರು ಹುಟ್ಟಿದ್ದು ಇದೇ ಅಲ್ಲಾಳಸಂದ್ರದಲ್ಲಿ, ಇದು ಇನ್ನೂ ಊರಾಗಿದ್ದಾಗ. ಅವರ ತಂದೆ ಚಿಕ್ಕಮುನಿಯಪ್ಪನವರು ಹುರುಳಿಕಾಯಿ, ಮೂಲಂಗಿ ಬೆಳೆದು ಯಲಹಂಕಕ್ಕೆ ಹೊತ್ತು ಮಾರುತ್ತಿದ್ದರು. ಜಕ್ಕೂರಿನ ಹಾರಾಟದ ಶಾಲೆಯಿಂದ ಏಳುವ ಕಲಿಕೆಯ ವಿಮಾನಗಳು ಅವರ ಹೊಲದ ಮೇಲೇ ತಿರುಗುತ್ತಿದ್ದವು. ಬೇರೆ ಮಕ್ಕಳು ಕೈ ಬೀಸಿ ಆಟಕ್ಕೆ ಮರಳಿದರೆ ಈ ಹುಡುಗಿ ಮಾತ್ರ "ಅದರ ಬಾಲ ಯಾಕೆ ಅಲ್ಲಾಡುತ್ತೆ" ಎಂದು ಕೇಳುತ್ತಿತ್ತಂತೆ. ಮನೆಯಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ದೊಡ್ಡವರಾದ ಮೇಲೆ ಕಲಾವತಿಯವರು ಐ.ಟಿ.ಐ.ನಲ್ಲಿ ಫಿಟ್ಟರ್ ಕೆಲಸ ಕಲಿತು ಅಲ್ಲೇ ಇನ್‌ಸ್ಟ್ರಕ್ಟರ್ ಆದರು. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದನ್ನು ನಿವೃತ್ತಿಯವರೆಗೂ ಕಲಿಸಿದರು. ನಡುವೆ, ನಲವತ್ತರ ಆಸುಪಾಸಿನಲ್ಲಿ, ಭಾನುವಾರಗಳಂದು ಜಕ್ಕೂರಿಗೆ ಹೋಗಿ ಹಾರಿಸುವುದನ್ನೂ ಕಲಿತು ಪಾಸಾದರು. ಬಾಲ ಯಾಕೆ ಅಲ್ಲಾಡುತ್ತದೆ ಎಂಬುದನ್ನು ಈಗ ಅವರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ.

ಅವರ ಗಂಡ ವಿಜಯ್ ಕುಮಾರ್ ಯಶವಂತಪುರದ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಇದ್ದು ನಿವೃತ್ತರಾದವರು. ತಣ್ಣಗಿನ ಮನುಷ್ಯ. ಅವರಿಗೆ ಎತ್ತರ ಕಂಡರೆ ಆಗುವುದಿಲ್ಲ. ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತುವವರು ಹೆಂಡತಿ, ಕೆಳಗೆ ಸ್ಟೂಲು ಹಿಡಿದುಕೊಳ್ಳುವವರು ಗಂಡ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತುಬಿಟ್ಟರೆ ಕಿಟಕಿಯ ಕಡೆ ನೋಡದೆ ಕಂಡಕ್ಟರ್ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಇಂಥವರನ್ನು ಕಟ್ಟಿಕೊಂಡು ಕಲಾವತಿಯವರು ಎರಡು ಸೀಟಿನ ವಿಮಾನವನ್ನೇ ಆರಿಸಿದ್ದರು. ಎರಡನೇ ಸೀಟು ಯಾರಿಗೆ ಎಂದು ಯಾರೂ ಕೇಳುವ ಅಗತ್ಯವಿರಲಿಲ್ಲ.

ನಕ್ಷೆಯಲ್ಲಿ ಎರಡು ಬಗೆ ಇತ್ತಂತೆ. ಒಂದು ತೆರೆದದ್ದು, ಮುಂದೆ ಗಾಳಿ ತಡೆಯಲು ಚಿಕ್ಕದೊಂದು ಗಾಜು, ಅಷ್ಟೇ. ಇನ್ನೊಂದು ತಲೆಯ ಮೇಲೆಲ್ಲ ಕವುಚಿಕೊಳ್ಳುವ ಪಾರದರ್ಶಕ ಗುಮ್ಮಟ. ಕಲಾವತಿಯವರಿಗೆ ತೆರೆದದ್ದೇ ಇಷ್ಟ, ಮುಖಕ್ಕೆ ಗಾಳಿ ಹೊಡೆಯಬೇಕು. ವಿಜಯ್ ಕುಮಾರ್ ನಕ್ಷೆಯನ್ನು ತುಂಬ ಹೊತ್ತು ನೋಡಿ, "ಮುಚ್ಚಳ ಇದ್ರೆ ಕೂರ್ತೀನಿ. ಇಲ್ದಿದ್ರೆ ನನ್ನನ್ನ ಕರೀಬೇಡ," ಎಂದರಂತೆ. ಇದು ಮುಗಿಯುವ ಕೆಲಸವಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಎಂದೇ ನನ್ನ ಅನುಮಾನ. ಹೆಂಡತಿ ಮರುದಿನವೇ ಮುಚ್ಚಳಕ್ಕೆ ಆರ್ಡರ್ ಹಾಕಿದರು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಮುಚ್ಚಳ ಎಂದೇ ಆಯಿತು. ವಿದೇಶದ ಒಬ್ಬ ಮುದುಕ ತನ್ನದೇ ಅಚ್ಚಿನಲ್ಲಿ ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಊದಿ ಮಾಡಿದ್ದ ಅದು ಹಡಗಿನಲ್ಲಿ ಮರದ ಪೆಟ್ಟಿಗೆಯೊಳಗೆ ಬಂತು. ಆಮೇಲೆ ಆತ ಕಾರ್ಖಾನೆ ಮುಚ್ಚಿ ಅಚ್ಚುಗಳನ್ನೆಲ್ಲ ಒಡೆದುಹಾಕಿದ. ಅಲ್ಲಿಗೆ ಈ ಮುಚ್ಚಳಕ್ಕೆ ಇದೇ ಸಾಟಿ, ಇನ್ನೊಂದು ಸಿಗುವಂತಿಲ್ಲ.

ಈಗ ಕಲಾವತಿಯವರ ಇನ್ನೊಂದು ಗುಣ ಹೇಳಲೇಬೇಕು. ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಕವರನ್ನು ಅವರು ತೆಗೆಯುವುದಿಲ್ಲ. ಈ ಗುಣ ನಮ್ಮಲ್ಲಿ ಎಲ್ಲರಿಗೂ ಅಷ್ಟಿಷ್ಟು ಇದೆ, ಇವರಿಗೆ ಮಿತಿಮೀರಿ ಇದೆ. ಅವರ ಸೋಫಾದ ಮೇಲೆ ಕೂತರೆ ಪರಪರ ಸದ್ದು ಬರುತ್ತದೆ, ಬೇಸಿಗೆಯಲ್ಲಿ ಏಳುವಾಗ ಸೀರೆ ಅಂಟಿಕೊಂಡು ಬರುತ್ತದೆ. ಕಾರಿನ ಸೀಟಿಗೆ ಶೋರೂಮಿನ ಕವರು, ಟಿ.ವಿ. ರಿಮೋಟಿಗೆ ಕವರು, ಫ್ರಿಜ್ಜಿನ ಬಾಗಿಲಿನ ನೀಲಿ ಹಾಳೆ ಅರ್ಧ ಹರಿದು ಜೋತಾಡುತ್ತಿದ್ದರೂ ಕಿತ್ತಿಲ್ಲ. "ಕವರ್ ಇದ್ರೆ ಹೊಸದಾಗೇ ಇರುತ್ತೆ," ಎಂಬುದು ಅವರ ವಾದ. ಹೊಸದಾಗಿಯೇ ಇಟ್ಟುಕೊಂಡು ಯಾವಾಗ ಬಳಸುತ್ತೀರಿ ಎಂದು ಕೇಳಿದರೆ ಮಾತು ತಿರುಗಿಸಿ, ನೀರಿನ ಮೋಟರ್ ಆಫ್ ಮಾಡಲಿಲ್ಲವೆಂದು ನನಗೇ ಬೈಗುಳ ಬೀಳುತ್ತದೆ.

ಮುಚ್ಚಳವೂ ಹೀಗೇ ಬಂದಿತ್ತು, ಒಳಗೂ ಹೊರಗೂ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿಸಿಕೊಂಡು. ಗೀರು ಬೀಳದಿರಲಿ ಎಂದು ತಯಾರಕರು ಹಚ್ಚಿ ಕಳಿಸುವ ಪೊರೆ ಅದು, ಬಂದ ಮೇಲೆ ಬೇಗ ತೆಗೆಯಬೇಕಾದ್ದು. ಕಲಾವತಿಯವರು ತೆಗೆಯಲಿಲ್ಲ. ಅಂಚನ್ನು ಕತ್ತರಿಸಿ ಅಳತೆಗೆ ತಂದಾಗಲೂ ಪೊರೆಯ ಮೇಲೇ ಗೆರೆ ಎಳೆದು ಕತ್ತರಿಸಿದರು. ಸಾಲದೆಂದು ಮೇಲೊಂದು ಹಳೆ ಸೀರೆ ಹೊದಿಸಿ, ತಗಡಿನ ಮಾಡಿನ ಕೆಳಗೆ ಎತ್ತರದ ಅಟ್ಟಣೆಯಲ್ಲಿ ಜೋಪಾನ ಮಾಡಿದರು. ರೆಕ್ಕೆ ಆಯಿತು, ಬಾಲ ಆಯಿತು, ಎಂಜಿನ್ ಕೂತಿತು. ಬೇಸಿಗೆಯ ಮೇಲೆ ಬೇಸಿಗೆ ಕಳೆಯಿತು. ಮುಚ್ಚಳ ಅಟ್ಟಣೆಯಲ್ಲಿ ಬೇಯುತ್ತಾ ಇತ್ತು.

ಅಂಟಿಸುವ ದಿನ ಬಂದದ್ದು ಈ ವರ್ಷ ಶಿವರಾತ್ರಿಗೆ ಮುಂಚೆ. ಚಳಿ ಬಿಟ್ಟಿತ್ತು, ಸೆಕೆ ಇನ್ನೂ ಏರಿರಲಿಲ್ಲ, ಅಂಟಿಗೆ ಅದೇ ಸರಿಯಾದ ಹವೆಯಂತೆ. ಕಪ್ಪು ಅಂಟಿನ ಟ್ಯೂಬುಗಳು ಬಂದಿದ್ದವು. ಬಸ್ಸಿನ ಮುಂಗಾಜನ್ನು ಕೂರಿಸುವ ಜಾತಿಯ ಅಂಟು, ಆರಿದ ಮೇಲೆ ರಬ್ಬರಿನಂತೆ ಇರುತ್ತದೆ. ಅಕ್ರಿಲಿಕ್‌ಗೆ ತೂತು ಕೊರೆದು ಬೋಲ್ಟು ಹಾಕಿದರೆ ತೂತಿನಿಂದಲೇ ಬಿರುಕು ಓಡುತ್ತದೆ, ಅದಕ್ಕೇ ಅಂಟು. ಅಂಚಿನ ಪೊರೆಯನ್ನು ತೆಗೆದು, ಒರೆಸಿ, ಕೀಲಿನ ಮೇಲೆ ತೆರೆದು ಮುಚ್ಚುವ ಕೊಳವೆಯ ಚೌಕಟ್ಟಿನ ಮೇಲೆ ಕೂರಿಸಿಬಿಟ್ಟರೆ ಆಯಿತು ಎಂದು ಕಲಾವತಿಯವರು ಬೆಳಗ್ಗೆಯೇ ಸೀರೆ ಎತ್ತಿ ಕಟ್ಟಿ ನಿಂತಿದ್ದರು. ನನಗೂ ಬುಲಾವ್ ಬಂದಿತ್ತು, ಹಿಡಿಯಲು ಇನ್ನೊಂದು ಜೊತೆ ಕೈ ಬೇಕು ಎಂದು.

ಪೊರೆಯ ಮೂಲೆಗೆ ಉಗುರು ಹಾಕಿ ಎಳೆದರು. ಬರಲಿಲ್ಲ. ಬೆಳ್ಳುಳ್ಳಿ ಸಿಪ್ಪೆಯಷ್ಟು ಚೂರು ಹರಿದು ಕೈಗೆ ಬಂತು. ಇನ್ನೊಂದು ಮೂಲೆ ನೋಡಿದರು, ಅಲ್ಲೂ ಅದೇ. ಕಾದು ಕಾದು ಪೊರೆ ಅಕ್ರಿಲಿಕ್‌ನ ಮೈಗೇ ಕಚ್ಚಿಕೊಂಡುಬಿಟ್ಟಿತ್ತು.

"ಥಿನ್ನರ್ ಹಾಕಿ ಉಜ್ಜೋಣ," ಎಂದು ಡಬ್ಬ ತೆಗೆದರು ಕಲಾವತಿ. ವಿಜಯ್ ಕುಮಾರ್ ಅವರ ಕೈ ಹಿಡಿದು, "ಮೊದ್ಲು ಚೂರಿನ ಮೇಲೆ ನೋಡು ಕಲಾ," ಎಂದರು. ಅಂಚು ಕತ್ತರಿಸಿದಾಗ ಉಳಿದ ತುಂಡುಗಳನ್ನೂ ಈ ಮನೆಯಲ್ಲಿ ಎಸೆದಿರಲಿಲ್ಲವಲ್ಲ. ಒಂದು ತುಂಡಿಗೆ ಥಿನ್ನರ್ ಹಚ್ಚಿ ಕಾದೆವು. ಪೊರೆಯೇನೋ ಮೆತ್ತಗಾಯಿತು, ಜೊತೆಗೆ ಅಕ್ರಿಲಿಕ್‌ನ ಒಳಗೆ ಕೂದಲಿನಂಥ ಸೀಳುಗಳು ಎದ್ದವು. ಕೈಯಲ್ಲಿ ಬಗ್ಗಿಸಿದರೆ ಲಟಕ್ಕನೆ ಮುರಿಯಿತು.

ಕಲಾವತಿಯವರು ಕೂಗಾಡಿದರೆ ನನಗೆ ಭಯವಿಲ್ಲ, ಅದು ದಿನವೂ ಇದ್ದದ್ದೇ. ಅವತ್ತು ಅವರು ಮುರಿದ ಎರಡು ಚೂರುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದರು. ಮಗನನ್ನು ಮುದ್ದು ಮಾಡಿ ಹಾಳು ಮಾಡಿದ ತಾಯಿಯ ಮುಖವಿತ್ತು ಅವರದು. ಅಷ್ಟು ವರ್ಷದಿಂದ ಕವರಿನ ವಿಷಯಕ್ಕೆ ಅವರನ್ನು ಆಡಿಕೊಂಡವಳು ನಾನು, ಅವತ್ತು ಥಿನ್ನರಿನ ಡಬ್ಬ ಎತ್ತಿ ಮೂಲೆಗಿಟ್ಟೆ.

ಆಮೇಲೆ ಬಂತು ಸಿಟ್ಟು. ಸಿಟ್ಟು ಬಂದರೆ ಅವರ ಇನ್‌ಸ್ಟ್ರಕ್ಟರ್ ಕನ್ನಡ ಹೋಗಿ ಚಿಕ್ಕಮುನಿಯಪ್ಪನವರ ಮಗಳ ಕನ್ನಡ ಹೊರಡುತ್ತದೆ. "ಇಂಗಾಗುತ್ತೆ ಅಂತ ಯಾರ್ಗ್ ಗೊತ್ತಿತ್ತು? ಮುಚ್ಚಳಾನೂ ಬೇಡ, ಏನೂ ಬೇಡ. ಮುಂದುಕ್ಕೆ ಒಂದು ಗಾಜ್ ಆಕ್ತೀನಿ, ಸಾಕು. ನಾನೊಬ್ಳೇ ಓಗ್ ಬತ್ತೀನಿ ಬಿಡಿ," ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ವಿಜಯ್ ಕುಮಾರ್ ಅವರ ಮುಖ ನೋಡಿದೆ. ನಿಜ ಹೇಳಬೇಕೆಂದರೆ, ಅಲ್ಲಿ ಒಂದು ಸಣ್ಣ ಸಮಾಧಾನ ಕಾಣಬಹುದೆಂದು ಹುಡುಕಿದೆ. ಮುಚ್ಚಳವಿಲ್ಲ ಎಂದರೆ ಹತ್ತುವ ಹಂಗಿಲ್ಲ. ಅವರೇ ಹಾಕಿದ ಷರತ್ತು, ತಾನಾಗಿ ಬಿಡುಗಡೆ ಕೊಟ್ಟಿತ್ತು. ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯಲು ಹೋಗಿದ್ದರೆ ಜೀವನಪೂರ್ತಿ ನೆಲದ ಮೇಲೇ ಇರಬಹುದಿತ್ತು. ಅವರು ಮುರಿದ ತುಂಡನ್ನು ಬೆಳಕಿಗೆ ಹಿಡಿದು, "ಇದು ಗೋಂದಿನ ಕೆಲಸ," ಎಂದರು. "ಪಾರ್ಸಲ್ ಮೇಲಿನ ಹಳೇ ಲೇಬಲ್ಲು ಹಿಂಗೇ ಕಚ್ಕೊಂಡಿರ್ತಿತ್ತು. ಟೀ ಲೋಟದ ಬಿಸಿ ಇಟ್ಟು ಬಿಡಿಸ್ತಿದ್ವಿ." ಚಪ್ಪಲಿ ಮೆಟ್ಟಿ ಹೊರಟರು. ಎಲ್ಲಿಗೆ ಎಂದು ಕೇಳಿದ್ದಕ್ಕೆ "ಆರ್.ಟಿ. ನಗರಕ್ಕೆ" ಎಂದಷ್ಟೇ ಹೇಳಿದರು.

ಮಧ್ಯಾಹ್ನ ಜಾಹಿದಾಳನ್ನು ಕರೆದುಕೊಂಡು ಬಂದರು. ಜಾಹಿದಾ ಕಲಾವತಿಯವರ ಹಳೆಯ ವಿದ್ಯಾರ್ಥಿನಿ, ತನ್ನ ಬ್ಯಾಚಿನಲ್ಲಿ ಫಿಟ್ಟರ್ ಟ್ರೇಡಿಗೆ ಸೇರಿದ ಒಬ್ಬಳೇ ಹುಡುಗಿ. ಪಾಸಾದ ಮೇಲೆ ಅರ ಕೆಳಗಿಟ್ಟು ಆರ್.ಟಿ. ನಗರದಲ್ಲಿ ಬ್ಯೂಟಿ ಪಾರ್ಲರ್ ತೆರೆದಳು, ಅದು ಚೆನ್ನಾಗಿ ನಡೆಯುತ್ತಿದೆ. ರಂಜಾನ್ ಹಬ್ಬಕ್ಕೆ ಮೇಡಂಗೆ ಶೀರ್ ಕುರ್ಮಾ ತಪ್ಪದೆ ಬರುತ್ತದೆ. ಬ್ಯಾಗಿನಿಂದ ಕೂದಲು ಒಣಗಿಸುವ ಡ್ರೈಯರ್ ತೆಗೆದು ಮುಚ್ಚಳದ ಮೂಲೆಗೆ ಹಿಡಿದಳು. ಆಗಾಗ ಕೈಯ ಹಿಂಭಾಗ ಇಟ್ಟು ಬಿಸಿ ನೋಡುತ್ತಿದ್ದಳು. ಆಮೇಲೆ ಪೊರೆಯ ತುದಿಯನ್ನು ಎಬ್ಬಿಸಿ, ಮೇಲಕ್ಕೆ ಎತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಮಲಗಿಸಿಕೊಂಡು ನಿಧಾನಕ್ಕೆ ಎಳೆದಳು. ಬೆರಳಗಲದ ಪಟ್ಟಿ ಒಂದು ಹರಿಯದೆ ಬಂತು.

"ಮೇಲಕ್ಕೆ ಎಳೆದ್ರೆ ಹರಿಯುತ್ತೆ ಸಾರ್. ವ್ಯಾಕ್ಸಿಂಗ್‌ನಲ್ಲೂ ಅಷ್ಟೇ, ಮೇಲಕ್ಕೆ ಎಳೆದ್ರೆ ಕಸ್ಟಮರ್ ಕಿರುಚ್ತಾರೆ," ಎಂದಳು. "ಇದು ಕಿರುಚಲ್ಲ, ಸೀಳುತ್ತೆ. ಜಾಸ್ತಿ ಬಿಸಿನೂ ಮಾಡ್ಬೇಡಿ, ಸೊಟ್ಟಗಾಗ್ಬಿಡುತ್ತೆ." ಒಂದೆರಡು ಪಟ್ಟಿ ತೆಗೆದು ತೋರಿಸಿ, ಡ್ರೈಯರನ್ನು ಅಲ್ಲೇ ಬಿಟ್ಟು, ಮದುಮಗಳ ಮೇಕಪ್ಪಿದೆ ಎಂದು ಓಡಿದಳು.

ಅಲ್ಲಿಂದ ಮುಂದಿನದು ವಿಜಯ್ ಕುಮಾರ್ ಅವರ ಪಾಲು. ತಿಂಡಿ ಮುಗಿಸಿ ಶೆಡ್ಡಿಗೆ ಹೋದರೆ ಊಟಕ್ಕೆ ಏಳುವುದು, ಮತ್ತೆ ಕತ್ತಲಾಗುವವರೆಗೆ. ಕರೆಂಟು ಹೋದರೆ ಬರುವವರೆಗೆ ಕಾಯುವುದು. ಪಟ್ಟಿ ಪಟ್ಟಿಯಾಗಿ, ಒಳಗೊಮ್ಮೆ ಹೊರಗೊಮ್ಮೆ. ಕೆಲವು ಕಡೆ ಅಕ್ಕಿಕಾಳಷ್ಟು ಚೂರು ಬರಲು ಅರ್ಧ ಬೆಳಗು ಹಿಡಿಯುತ್ತಿತ್ತು. ಉಳಿದ ಗೋಂದನ್ನು ಸೋಪಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ತೆಗೆಯುತ್ತಿದ್ದರು. ಅವರ ಬೆರಳ ತುದಿಗಳು ಸುಲಿದು ಕೆಂಪಾದವು. ಕಾಲೇಜಿನಲ್ಲಿ ಪಾಠ ಮಾಡಿ ಬಂದ ಮೇಲೆ ನಾನೂ ಹೋಗಿ ಡ್ರೈಯರ್ ಹಿಡಿಯುತ್ತಿದ್ದೆ. ನನಗೆ ತಾಳ್ಮೆ ಕಡಿಮೆ, ಎರಡು ಸಲ ಹರಿದೆ, ಮೂರನೇ ಸಲ ನನ್ನನ್ನು ಬಟ್ಟೆ ಹಿಂಡುವ ಕೆಲಸಕ್ಕೆ ಇಳಿಸಿದರು.

"ನಿಮಗ್ಯಾಕೆ ಸಾರ್ ಇಷ್ಟು ಹಠ? ಸುಮ್ನಿದ್ರೆ ನೀವು ಬಚಾವ್ ಅಲ್ವಾ?" ಎಂದು ಒಂದು ಸಂಜೆ ಕೇಳಿಯೇಬಿಟ್ಟೆ.

"ಕೈಗೆ ಏನಾದ್ರೂ ಕೆಲ್ಸ ಬೇಕಲ್ಲಮ್ಮ," ಎಂದರು. ಆ ಉತ್ತರವನ್ನು ನಾನು ಕಾಸಿನಷ್ಟೂ ನಂಬಲಿಲ್ಲ.

ಕಲಾವತಿಯವರು ಮೊದಮೊದಲು ಶೆಡ್ಡಿನ ಕಡೆ ಸುಳಿಯಲಿಲ್ಲ. ಅಂಗಳದಲ್ಲಿ ಕೂತು ಚಿಕ್ಕ ಗಾಜಿನ ಅಳತೆ ಬರೆಯುತ್ತಿದ್ದರು, ಬರೆದದ್ದನ್ನು ಹೊಡೆದುಹಾಕುತ್ತಿದ್ದರು. ಒಂದು ದಿನ ಕಾಫಿ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಅಷ್ಟರಲ್ಲಿ ಮುಕ್ಕಾಲು ಮುಚ್ಚಳ ಬಯಲಾಗಿತ್ತು. ಬಿಸಿಲು ಅದರೊಳಗಿಂದ ಹಾದು ನೆಲದ ಮೇಲೆ ಬಿದ್ದಿತ್ತು. ಅಷ್ಟು ವರ್ಷ ಮನೆಯಲ್ಲಿದ್ದ ವಸ್ತು ನೋಡಲು ಹೇಗಿದೆ ಎಂಬುದು ನಮಗೆಲ್ಲ ಅವತ್ತೇ ತಿಳಿದದ್ದು. ಕಲಾವತಿಯವರು ಲೋಟ ಕೆಳಗಿಟ್ಟು, ಗಂಡನ ಕೈ ನೋಡಿ, "ಏಳಿ, ನಾನ್ ಮಾಡ್ತೀನಿ," ಎಂದರು. ಅವರು ಏಳಲಿಲ್ಲ, ಪಕ್ಕಕ್ಕೆ ಜರುಗಿದರು. ಉಳಿದದ್ದನ್ನು ಇಬ್ಬರೂ ಕೂತು ಬಿಡಿಸಿದರು. ಹಿಂದಿನ ತುದಿಯಲ್ಲಿ ಒಂದು ಮಸುಕು ಮಾತ್ರ ಉಳಿಯಿತು. ಅದು ಯಾರ ಕಣ್ಣಿಗೂ ಅಡ್ಡ ಬರುವಂಥದ್ದಲ್ಲ.

ಅಂಟಿಸುವ ಕೆಲಸ ಆ ಭಾನುವಾರ ನಡೆಯಿತು. ಜಾಹಿದಾ ಪಾರ್ಲರಿಗೆ ರಜೆ ಹಾಕಿ ಬಂದಳು. ಕಲಾವತಿಯವರು ಮತ್ತೆ ಕಲಾವತಿಯವರಾಗಿದ್ದರು, ನಮ್ಮ ಮೂವರನ್ನೂ ಟ್ರೈನಿಗಳ ಹಾಗೆ ಸಾಲಾಗಿ ನಿಲ್ಲಿಸಿ ಯಾರು ಎಲ್ಲಿ ಹಿಡಿಯಬೇಕು, ಯಾರು ಬಾಯಿ ಬಿಡಬಾರದು ಎಂದು ಹೇಳಿದರು. ಬಾಯಿ ಬಿಡಬಾರದವಳು ನಾನು. ಚೌಕಟ್ಟಿನ ಕೊಳವೆಗೆ ಪ್ರೈಮರ್ ಬಳಿದಾಗಿತ್ತು. ಈಗ ಮುಚ್ಚಳದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಒಂದು ಗೀರೂ ಬೀಳದಿರಲಿ ಎಂದು ಕಾಪಾಡಿದ ಮುಚ್ಚಳವನ್ನು ತಾವೇ ಗೀರಬೇಕು. ಅವರು ಟೇಪು ಅಂಟಿಸಿ ಗೆರೆ ಕಟ್ಟಿದರು, ಉಪ್ಪುಕಾಗದ ಹಿಡಿದರು, ಒಂದು ಸಲವೂ ಕೈ ತಡೆಯದೆ ಸುತ್ತಲೂ ಉಜ್ಜಿ ಮುಗಿಸಿದರು. ನನಗೆ ಹೆಮ್ಮೆಯಾಯಿತು.

ಅಂಟು ಬಿಟ್ಟ ಮೇಲೆ ಅದರ ಮೇಲ್ಮೈ ಕೆನೆಗಟ್ಟುವುದರೊಳಗೆ ಮುಚ್ಚಳ ಕೂರಬೇಕು, ಕೆನೆಗಟ್ಟಿದರೆ ಹಿಡಿತವಿಲ್ಲ. ಕಲಾವತಿಯವರು ಅಂಟಿನ ಗನ್ನು ಒತ್ತುತ್ತಾ ಚೌಕಟ್ಟಿನ ಸುತ್ತ ಒಂದೇ ಸಮನೆ ಕಪ್ಪು ಸಾಲು ಎಳೆದರು, ಎಲ್ಲೂ ತುಂಡಾಗಲಿಲ್ಲ. ಅಂಟು ಪೂರ್ತಿ ಹಿಂಡಿಹೋಗದಿರಲಿ ಎಂದು ಅಲ್ಲಲ್ಲಿ ರಬ್ಬರಿನ ಚಿಕ್ಕ ತುಂಡುಗಳನ್ನು ಇಟ್ಟಿದ್ದರು. "ಎತ್ತಿ," ಎಂದರು. ನಾಲ್ವರೂ ಎತ್ತಿದೆವು. "ಮುಂದಿನ ಮೂಲೆ ಮೊದ್ಲು. ಪದ್ಮಶ್ರೀ, ಉಸಿರು ಬಿಡು." ಉಸಿರು ಬಿಟ್ಟೆ. ಮುಚ್ಚಳ ಗೆರೆಗೆ ಸರಿಯಾಗಿ ಇಳಿಯಿತು. ಸುತ್ತಲೂ ಮರಳು ತುಂಬಿದ ಬಟ್ಟೆ ಚೀಲಗಳನ್ನು ಹೇರಿದೆವು. ಹೊರಗೆ ಉಕ್ಕಿದ ಅಂಟನ್ನು ಅವರು ಐಸ್‌ಕ್ಯಾಂಡಿ ಕಡ್ಡಿಯಿಂದ ಸವರಿ ನಯ ಮಾಡಿದರು.

ಆಮೇಲೆ ಅವರ ಕೈ ಸುಮ್ಮನಿರಲಿಲ್ಲ. ಫಿಟ್ಟರಿಗೆ ನಟ್ಟು ಬೋಲ್ಟಿನ ಮೇಲೆ ಇರುವ ನಂಬಿಕೆ ಅಂಟಿನ ಮೇಲೆ ಬರುವುದು ಕಷ್ಟ. ಬೋಲ್ಟು ಬಿಗಿಯಾಗಿದೆಯೋ ಇಲ್ಲವೋ ಸ್ಪ್ಯಾನರ್ ಹೇಳುತ್ತದೆ, ಅಂಟು ಏನೂ ಹೇಳುವುದಿಲ್ಲ. ಮೂಲೆ ಎತ್ತಿ ನೋಡಲು ಹೋದವರನ್ನು ಜಾಹಿದಾ ತಡೆದಳು. "ದಮ್ ಕಟ್ಟಿದ ಹಾಗೆ ಮೇಡಂ. ಹಿಟ್ಟು ಮೆತ್ತಿ ಮುಚ್ಚಿದ್ಮೇಲೆ ಎತ್ತಿ ನೋಡ್ಬಾರ್ದು." ಬಿರಿಯಾನಿಯ ಮಾತಿಗೆ ಕಲಾವತಿಯವರು ಒಪ್ಪಿದರು, ಸಮಾಧಾನ ಮಾತ್ರ ಆಗಲಿಲ್ಲ. ಅದೇ ಅಂಟಿನಿಂದ ಪಕ್ಕದಲ್ಲಿ ಒಂದು ತುಂಡನ್ನು ಕೊಳವೆಗೆ ಅಂಟಿಸಿಟ್ಟರು. ವಾರ ಕಳೆದು ಅದು ಆರಿದ ಮೇಲೆ ಮೇಜಿನ ಮೇಲಿನ ಕಬ್ಬಿಣದ ವೈಸಿನ ದವಡೆಗೆ ಕಚ್ಚಿಸಿ, ಗಂಡಹೆಂಡತಿ ಇಬ್ಬರೂ ಜೋತುಬಿದ್ದು ಎಳೆದರು. ಕೊನೆಗೆ ಅಕ್ರಿಲಿಕ್ ಮುರಿಯಿತು, ಅಂಟು ಬಿಡಲಿಲ್ಲ. "ಸರಿ," ಎಂದರು ಕಲಾವತಿ. ಅವರ ಬಾಯಲ್ಲಿ ಅದು ಭಾರಿ ಹೊಗಳಿಕೆ.

ಚೀಲಗಳನ್ನು ಇಳಿಸಿ, ಟೇಪು ಕಿತ್ತು, ಮುಚ್ಚಳವನ್ನು ತೆರೆದು ಮುಚ್ಚಿ ನೋಡಿದರು. ಕೀಲಿನ ಮೇಲೆ ಸದ್ದಿಲ್ಲದೆ ಎದ್ದು ಸದ್ದಿಲ್ಲದೆ ಕೂತಿತು. ಕಲಾವತಿಯವರು ಎಡಗಡೆಯ ಸೀಟಿಗೆ ಹತ್ತಿ ಕೂತರು. ವಿಮಾನಕ್ಕೆ ಇನ್ನೂ ರೆಕ್ಕೆ ಸಿಕ್ಕಿಸಿರಲಿಲ್ಲ, ಚಕ್ರಕ್ಕೆ ಇಟ್ಟಿಗೆ ಕೊಟ್ಟಿತ್ತು. ವಿಜಯ್ ಕುಮಾರ್ ಬಟ್ಟೆ ಹಿಡಿದು ಮುಚ್ಚಳದ ಮೇಲಿನ ಧೂಳು ಒರೆಸುತ್ತಾ ನಿಂತಿದ್ದರು. ಬಲಗಡೆಯ ಸೀಟು ಖಾಲಿ ಇತ್ತು. ಕಲಾವತಿಯವರು ಕರೆಯಲಿಲ್ಲ. ಎಲ್ಲರಿಗೂ ಆಜ್ಞೆ ಮಾಡುವ ಹೆಂಗಸು, ಅವತ್ತು ವಿಮಾನ ನಡೆಸುವ ಸ್ಟಿಕ್ಕನ್ನು ಹಿಡಿದು ನೇರ ಮುಂದೆ ನೋಡುತ್ತಿದ್ದರು. ಆ ಹೊತ್ತಿಗೆ ನನಗೆ ವಿಜಯ್ ಕುಮಾರ್ ಮೇಲೆ ಸಿಟ್ಟೇ ಬಂತು, ಹತ್ತಬಾರದೇ ಈ ಮನುಷ್ಯ ಎಂದು.

ಅವರು ಬಟ್ಟೆ ಮಡಿಸಿ ನನ್ನ ಕೈಗೆ ಕೊಟ್ಟರು. ಮೆಟ್ಟಿಲಿನ ಮೇಲೆ ಕಾಲಿಟ್ಟು, ಒಂದು ಸಲ ನಿಂತು, ಹತ್ತಿ ಕೂತರು. ಮುಚ್ಚಳವನ್ನು ತಾವೇ ಇಳಿಸಿಕೊಂಡರು, ಪೂರ್ತಿ ಅಲ್ಲ, ಒಂದು ಗೇಣು ಬಿಟ್ಟು. ಹಾಗಾಗಿ ಅವರಾಡಿದ ಮಾತು ನನಗೂ ಕೇಳಿಸಿತು.

"ಅವತ್ತೇ ನೀವು ಸುಮ್ನೆ ಇದ್ದಿದ್ರೆ ತಪ್ಪಿಸ್ಕೊಂಡ್ಬಿಡ್ತಿದ್ರಿ," ಎಂದರು ಕಲಾವತಿ, ಮುಂದೆ ನೋಡುತ್ತಲೇ.

"ಹೂಂ."

"ಮತ್ತೆ ಯಾಕೆ?"

ವಿಜಯ್ ಕುಮಾರ್ ಮುಚ್ಚಳದ ಆಚೆ ನಮ್ಮ ತಗಡಿನ ಮಾಡನ್ನು ನೋಡಿದರು. "ನೀನು ನಾನೊಬ್ಳೇ ಹೋಗ್ತೀನಿ ಅಂದೆ. ಮದುವೆ ಆದಾಗಿಂದ ಆ ಮಾತು ನಿನ್ನ ಬಾಯಲ್ಲಿ ಕೇಳೇ ಇರ್ಲಿಲ್ಲ. ನಂಗೆ ಎತ್ತರದ ಭಯಕ್ಕಿಂತ ಅದು ಜಾಸ್ತಿ ಆಯ್ತು ಕಲಾ."

ಕಲಾವತಿಯವರು ಕಣ್ಣೊರೆಸಿಕೊಳ್ಳಲಿಲ್ಲ, ಅದನ್ನು ನನ್ನ ಪಾಲಿಗೆ ಬಿಟ್ಟರು. ಗಂಡನ ಕಡೆ ತಿರುಗಿ, ಭುಜದ ಮೇಲಿಂದ ಬೆಲ್ಟು ಎಳೆದು, ಅವರ ಹೊಟ್ಟೆಯ ಮೇಲೆ ಕೊಂಡಿ ಹಾಕಿ ಬಿಗಿ ಮಾಡಿದರು. ಬಿಗಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದರು. ಆಮೇಲೆ ಇಬ್ಬರೂ ಸೇರಿ ಮುಚ್ಚಳ ಹಾಕಿಕೊಂಡರು.